ಹಳೇ ಕಾರು ದಾರಿ ನಡುವೆ ನಿಂತರೆ ತಪ್ಪು ಕಾರ್ಬ್ಯುರೇಟರಿನದೇ?

ಕಲಘಟಗಿ ತಾಲೂಕಿನ ದೇವಿಕೊಪ್ಪದಂಥ ಊರಿನಲ್ಲಿ ಮನೆ ಮಗ್ಗುಲಿನ ಶೆಡ್ಡಿನಲ್ಲಿ ಒಂದು ಹಳೇ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಅಥವಾ ಮೊದಲ ತಲೆಮಾರಿನ ಮಾರುತಿ 800 ಇದೆ ಎಂದುಕೊಳ್ಳಿ. ಮಳೆಗಾಲ ಪೂರ್ತಿ ನಿಂತಿದ್ದ ಅದನ್ನು ದಸರೆಗೆ ತೊಳೆದು, ಆಯುಧಪೂಜೆ ಮಾಡಿ, ಹುಬ್ಬಳ್ಳಿ ಕಡೆಗೆ ಹೊರಡುತ್ತೀರಿ. ಐದಾರು ಕಿಲೋಮೀಟರ್ ಚೆನ್ನಾಗಿ ಓಡಿದ ಕಾರು ಜಗ್ಗತೊಡಗುತ್ತದೆ, ಕೆಮ್ಮುತ್ತದೆ, ನಿಂತುಬಿಡುತ್ತದೆ. ಹತ್ತು ನಿಮಿಷ ಬಿಟ್ಟು ನೋಡಿದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ಸ್ವಲ್ಪ ದೂರ ಹೋದ ಮೇಲೆ ಮತ್ತದೇ ಕಥೆ.

ಅಷ್ಟರಲ್ಲಿ ನಾಲ್ಕು ಜನ ಸೇರಿರುತ್ತಾರೆ. ಒಬ್ಬರು "ಕಾರ್ಬ್ಯುರೇಟರ್ ಹೋಗಿದೆ" ಎನ್ನುತ್ತಾರೆ. ಇನ್ನೊಬ್ಬರು "ಗಾಳಿ ಹಿಡಿದಿದೆ, ಪಂಪಿಗೆ ಹಸಿ ಬಟ್ಟೆ ಸುತ್ತಿ" ಎನ್ನುತ್ತಾರೆ. ಮತ್ತೊಬ್ಬರಿಗೆ ಬಂಕಿನ ಮೇಲೆ ಅನುಮಾನ. ನಾಲ್ಕನೆಯವರು "ಈಗ ಪೆಟ್ರೋಲಿಗೆ ಎಥೆನಾಲ್ ಬೆರೆಸುತ್ತಾರಲ್ಲ, ಅದರದ್ದೇ ಕಾಟ" ಎಂದು ತೀರ್ಪು ಕೊಡುತ್ತಾರೆ.

ಈ ನಾಲ್ಕೂ ಕಾರಣಗಳು ನಿಜವಾಗಿರುವ ಸಾಧ್ಯತೆ ಇದೆ. ಆದರೆ ಯಾವುದನ್ನೂ ಯಾರೂ ಪರೀಕ್ಷಿಸಿಲ್ಲ. ಊಹೆಯ ಮೇಲೆ ರಿಪೇರಿ ಮಾಡಿಸಿದರೆ ಒಂದು ಸಣ್ಣ ರಬ್ಬರ್ ಪೈಪಿನ ಬಿರುಕಿಗೆ ಇಡೀ ಕಾರ್ಬ್ಯುರೇಟರ್ ಬದಲಾಯಿಸಿದ ಖರ್ಚು ಬೀಳುತ್ತದೆ. ಅದಕ್ಕಿಂತ ದೊಡ್ಡ ಅಪಾಯವೆಂದರೆ, ದಾರಿಯಲ್ಲಿ ಮಾಡುವ ಕೆಲವು ಮಾಮೂಲಿ ಉಪಾಯಗಳು ಜೀವಕ್ಕೇ ಕುತ್ತು ತರಬಲ್ಲವು. ಹಾಗಾದರೆ ತೊಂದರೆ ಎಲ್ಲಿದೆ ಎಂದು ಕಂಡುಹಿಡಿಯುವುದು ಹೇಗೆ? ಪೆಟ್ರೋಲು ಹೋಗುವ ದಾರಿಯನ್ನೇ ಹಿಡಿದು ಒಂದೊಂದೇ ಹಂತ ನೋಡುತ್ತಾ ಬರುವುದೇ ಸರಿಯಾದ ವಿಧಾನ.

ಪೆಟ್ರೋಲು ಎಂಜಿನ್‌ವರೆಗೆ ಹೇಗೆ ಬರುತ್ತದೆ?

ಇಂದಿನ ಕಾರುಗಳಲ್ಲಿ ಟ್ಯಾಂಕಿನೊಳಗೇ ವಿದ್ಯುತ್ ಪಂಪು ಇರುತ್ತದೆ. ಅದು ಸಾಮಾನ್ಯವಾಗಿ 40 ಪಿಎಸ್‌ಐ ಆಸುಪಾಸಿನ ಒತ್ತಡದಲ್ಲಿ ಪೆಟ್ರೋಲನ್ನು ಇಂಜೆಕ್ಟರ್‌ಗಳಿಗೆ ದೂಡುತ್ತದೆ. ಹಳೇ ಕಾರುಗಳ ವ್ಯವಸ್ಥೆ ಬೇರೆ. ಟ್ಯಾಂಕು ಹಿಂದೆ, ಪಂಪು ಮುಂದೆ ಎಂಜಿನ್ನಿನ ಮೈಗೆ ಅಂಟಿಕೊಂಡಿರುತ್ತದೆ. ಎಂಜಿನ್ನಿನ ಕ್ಯಾಮ್‌ಶಾಫ್ಟ್ ತಿರುಗಿದಂತೆ ಪಂಪಿನ ಸನ್ನೆ ಮೇಲೆ ಕೆಳಗೆ ಆಡುತ್ತದೆ. ಅದರೊಳಗಿನ ಡಯಾಫ್ರಂ ಎಂಬ ತೆಳು ಪರದೆ ಹಿಂದಿನಿಂದ ಪೆಟ್ರೋಲನ್ನು ಎಳೆದುಕೊಂಡು ಮುಂದಕ್ಕೆ ತಳ್ಳುತ್ತದೆ. ಈ ಪಂಪಿನ ಒತ್ತಡ ಸಾಮಾನ್ಯವಾಗಿ 2ರಿಂದ 4 ಪಿಎಸ್‌ಐ. ಕಾರಿನ ಟೈರಿಗೆ ಸುಮಾರು 30 ಪಿಎಸ್‌ಐ ಗಾಳಿ ತುಂಬಿಸುತ್ತೇವೆ. ಅಂದರೆ ಪಂಪಿನ ಬಲ ಟೈರಿನ ಗಾಳಿಯ ಹತ್ತನೇ ಒಂದು ಭಾಗದಷ್ಟು ಮಾತ್ರ. ಇಷ್ಟು ಕಡಿಮೆ ಬಲದ ವ್ಯವಸ್ಥೆಯನ್ನು ಒಂದು ಚಿಟಿಕೆ ಕಸ ಅಥವಾ ಒಂದು ಗಾಳಿಗುಳ್ಳೆ ಸುಲಭವಾಗಿ ನಿಲ್ಲಿಸಬಲ್ಲದು.

ಪಂಪಿನಿಂದ ಬಂದ ಪೆಟ್ರೋಲು ಕಾರ್ಬ್ಯುರೇಟರಿನ ಫ್ಲೋಟ್ ಬಟ್ಟಲಿಗೆ ಸೇರುತ್ತದೆ. ಮನೆಯ ಮೇಲಿನ ನೀರಿನ ತೊಟ್ಟಿಯಲ್ಲಿ ಚೆಂಡಿನ ವಾಲ್ವ್ ಇರುತ್ತದಲ್ಲ, ಇಲ್ಲಿಯೂ ಅದೇ ತತ್ವ. ಬಟ್ಟಲು ತುಂಬಿದಂತೆ ತೇಲುಬುರುಡೆ ಮೇಲೆದ್ದು ಸೂಜಿ ವಾಲ್ವನ್ನು ಮುಚ್ಚುತ್ತದೆ. ಪೆಟ್ರೋಲು ಖರ್ಚಾದಂತೆ ತೆರೆಯುತ್ತದೆ. ಬಟ್ಟಲಿನ ಪೆಟ್ರೋಲು ಜೆಟ್ ಎಂಬ ಸಣ್ಣ ರಂಧ್ರಗಳ ಮೂಲಕ ಗಾಳಿಯೊಂದಿಗೆ ಬೆರೆತು ಎಂಜಿನ್ ಸೇರುತ್ತದೆ.

ಇಲ್ಲೊಂದು ಸಣ್ಣ ಲೆಕ್ಕ ಮಾಡೋಣ. ಲೀಟರಿಗೆ 10 ಕಿಲೋಮೀಟರ್ ಕೊಡುವ ಕಾರು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದರೆ ಗಂಟೆಗೆ 6 ಲೀಟರ್, ಅಂದರೆ ನಿಮಿಷಕ್ಕೆ 100 ಮಿ.ಲೀ. ಪೆಟ್ರೋಲು ಬೇಕು. ಬಟ್ಟಲಿನಲ್ಲಿ 40 ಮಿ.ಲೀ. ಇದೆ ಎಂದುಕೊಂಡರೆ ಅದು 24 ಸೆಕೆಂಡಿಗೆ ಸಾಕು. ಆ ಹೊತ್ತಿಗೆ ಕಾರು 400 ಮೀಟರ್ ಸಾಗಿರುತ್ತದೆ. ಸ್ಟಾರ್ಟ್ ಆಗಿ ಅರ್ಧ ಕಿಲೋಮೀಟರ್‌ನೊಳಗೆ ಮತ್ತೆ ನಿಲ್ಲುವ ಕಾರಿನ ರಹಸ್ಯ ಇದೇ. ಬಟ್ಟಲಿನಲ್ಲಿದ್ದಷ್ಟು ದೂರ ಅದು ಓಡುತ್ತದೆ. ಹಿಂದಿನಿಂದ ಸಾಕಷ್ಟು ಬರದಿದ್ದರೆ ನಿಲ್ಲುತ್ತದೆ. ಹೀಗಿದ್ದಾಗ ತೊಂದರೆ ಸಾಮಾನ್ಯವಾಗಿ ಬಟ್ಟಲಿಗಿಂತ ಹಿಂದೆ ಇರುತ್ತದೆಯೇ ಹೊರತು ಕಾರ್ಬ್ಯುರೇಟರಿನ ಜೆಟ್‌ಗಳಲ್ಲಿ ಅಲ್ಲ.

ಮೊದಲು ಮಾಡಬಾರದ ಮೂರು ಕೆಲಸಗಳು

1. ಬಾಯಿಂದ ಪೆಟ್ರೋಲು ಎಳೆಯಬೇಡಿ. ಪೈಪು ಬಾಯಿಗಿಟ್ಟು ಪೆಟ್ರೋಲು ಎಳೆಯುವುದು ನಮ್ಮಲ್ಲಿ ಸಾಮಾನ್ಯ. "ಸ್ವಲ್ಪ ಬಾಯಿಗೆ ಹೋದರೆ ಉಗುಳಿದರಾಯಿತು" ಎಂಬ ನಂಬಿಕೆ ತಪ್ಪು. ಪೆಟ್ರೋಲು ನೀರಿಗಿಂತ ತೆಳು ದ್ರವ. ಕೆಮ್ಮಿದಾಗಲೋ ಉಸಿರೆಳೆದಾಗಲೋ ಸ್ವಲ್ಪವೇ ಪೆಟ್ರೋಲು ಶ್ವಾಸನಾಳಕ್ಕೆ ಜಾರಿದರೂ ಶ್ವಾಸಕೋಶದಲ್ಲಿ ವೇಗವಾಗಿ ಹರಡಿ ಅಲ್ಲಿನ ಪೊರೆಯನ್ನು ಸುಡುತ್ತದೆ. ವೈದ್ಯರು ಇದನ್ನು ರಾಸಾಯನಿಕ ನ್ಯುಮೋನಿಯಾ ಎನ್ನುತ್ತಾರೆ. ಕೆಲವೊಮ್ಮೆ ಲಕ್ಷಣಗಳು ಕೆಲವು ಗಂಟೆಗಳ ನಂತರ ಕಾಣುತ್ತವೆ.

ಯಾರಾದರೂ ಪೆಟ್ರೋಲು ನುಂಗಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ವಾಂತಿಯಾಗುವಾಗ ಅದು ಶ್ವಾಸಕೋಶಕ್ಕೆ ಹೋಗುವ ಅಪಾಯ ಇನ್ನೂ ಹೆಚ್ಚು. ಹಾಲು ಕುಡಿಸಿದರೆ ವಿಷ ಇಳಿಯುತ್ತದೆ ಎಂಬುದಕ್ಕೂ ಆಧಾರವಿಲ್ಲ. ಕೆಮ್ಮು, ಉಬ್ಬಸ, ಮಂಪರು ಕಂಡರೆ ತಡ ಮಾಡದೆ 108ಕ್ಕೆ ಕರೆ ಮಾಡಿ. ಲಕ್ಷಣ ಇಲ್ಲದಿದ್ದರೂ ವೈದ್ಯರಿಗೆ ತೋರಿಸುವುದು ಒಳಿತು.

2. ಕಾರ್ಬ್ಯುರೇಟರಿನ ಬಾಯಿಗೆ ಪೆಟ್ರೋಲು ಸುರಿದು ಸ್ಟಾರ್ಟ್ ಮಾಡಬೇಡಿ. ಎಂಜಿನ್ ಹಿಂದಕ್ಕೆ ಸಿಡಿದರೆ ಕಾರ್ಬ್ಯುರೇಟರಿನ ಬಾಯಿಂದ ಬೆಂಕಿ ಹೊರಬರುತ್ತದೆ. ಆಗ ಸುರಿಯುತ್ತಿರುವವರ ಕೈಯಲ್ಲಿ ಪೆಟ್ರೋಲಿನ ಬಾಟಲಿ ಇರುತ್ತದೆ! ಪೆಟ್ರೋಲಿನ ಆವಿ ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿನ ಚಳಿಯಲ್ಲೂ ಕಿಡಿ ತಾಗಿದರೆ ಹೊತ್ತಿಕೊಳ್ಳಬಲ್ಲದು. ನಮ್ಮ ಬಿಸಿಲಿನಲ್ಲಿ ಹೇಳುವುದೇ ಬೇಡ.

3. ಶೆಡ್ಡಿನೊಳಗೆ, ದೀಪ ಅಥವಾ ಬೀಡಿಯ ಹತ್ತಿರ ಪೈಪು ಬಿಚ್ಚಬೇಡಿ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಮೇಲೆ ಹೋಗಿ ಚದುರುವುದಿಲ್ಲ, ನೆಲ ಹಿಡಿದು ಹರಿಯುತ್ತದೆ. ದೂರದ ಒಲೆಯ ಕಿಡಿಯೂ ಸಾಕು. ಕೆಲಸ ಬಯಲಿನಲ್ಲಿ ಇರಲಿ, ಎಂಜಿನ್ ತಣ್ಣಗಿರಲಿ, ಹತ್ತಿರ ಬೆಂಕಿ ನಂದಿಸುವ ಸಾಧನ ಅಥವಾ ಕನಿಷ್ಠ ಎರಡು ಬುಟ್ಟಿ ಒಣ ಮರಳು ಇರಲಿ. ಹೊತ್ತಿದ ಪೆಟ್ರೋಲಿಗೆ ನೀರು ಸುರಿಯಬಾರದು. ಪೆಟ್ರೋಲು ನೀರಿನ ಮೇಲೆ ತೇಲಿ ಬೆಂಕಿಯನ್ನು ಹರಡುತ್ತದೆ.

ನಿಜಕ್ಕೂ ಪೆಟ್ರೋಲಿನದೇ ತೊಂದರೆಯೇ?

ಪೆಟ್ರೋಲು ಬಾರದಿದ್ದರೂ ಎಂಜಿನ್ ನಿಲ್ಲುತ್ತದೆ, ಕಿಡಿ ಬಾರದಿದ್ದರೂ ನಿಲ್ಲುತ್ತದೆ. ಇವೆರಡನ್ನು ಬೇರ್ಪಡಿಸದೆ ಮುಂದೆ ಹೋದರೆ ದಾರಿ ತಪ್ಪಿದಂತೆ.

ನಿಲ್ಲುವ ರೀತಿಯೇ ಒಂದು ಸುಳಿವು. ಪೆಟ್ರೋಲು ಕಡಿಮೆಯಾದ ಎಂಜಿನ್ ಸಾಮಾನ್ಯವಾಗಿ ನಿಧಾನವಾಗಿ ಬಳಲುತ್ತದೆ. ಏರಿನಲ್ಲಿ, ವೇಗದಲ್ಲಿ ಜಗ್ಗುತ್ತದೆ, ಚೋಕ್ ಸ್ವಲ್ಪ ಎಳೆದರೆ ಕೆಲ ಕ್ಷಣ ಚೇತರಿಸಿಕೊಳ್ಳುತ್ತದೆ. ಕಿಡಿ ಹೋದ ಎಂಜಿನ್ ಹೆಚ್ಚಾಗಿ ಸ್ವಿಚ್ ಆರಿಸಿದಂತೆ ಥಟ್ಟನೆ ನಿಲ್ಲುತ್ತದೆ. ಆದರೆ ಇದು ಸುಳಿವು ಮಾತ್ರ, ಸಾಕ್ಷ್ಯವಲ್ಲ.

ಕಿಡಿಯ ಪರೀಕ್ಷೆಯನ್ನು ಪೆಟ್ರೋಲಿನ ಯಾವ ಪೈಪನ್ನೂ ಬಿಚ್ಚುವ ಮೊದಲೇ ಮಾಡಿ. ಒಂದು ಬಿಡಿ ಸ್ಪಾರ್ಕ್ ಪ್ಲಗ್ಗನ್ನು ವೈರಿಗೆ ಸಿಕ್ಕಿಸಿ, ಕಾರ್ಬ್ಯುರೇಟರಿನಿಂದ ದೂರದಲ್ಲಿ ಎಂಜಿನ್ನಿನ ಲೋಹಕ್ಕೆ ತಾಗಿಸಿಟ್ಟು, ಇನ್ನೊಬ್ಬರಿಂದ ಸ್ಟಾರ್ಟರ್ ತಿರುಗಿಸಿ. ಬಲವಾದ ನೀಲಿ ಕಿಡಿ ಕಂಡರೆ ಪೆಟ್ರೋಲಿನ ಕಡೆ ತಿರುಗಬಹುದು. ಪೆಟ್ರೋಲಿನ ವಾಸನೆ ಬರುತ್ತಿದ್ದರೆ ಈ ಪರೀಕ್ಷೆ ಬೇಡ.

ಎರಡನೆಯ ಪ್ರಶ್ನೆ: ಬಟ್ಟಲಿನಲ್ಲಿ ಪೆಟ್ರೋಲು ಇದೆಯೇ? ಪದ್ಮಿನಿ, ಮಾರುತಿ 800ರಂಥ ಕಾರುಗಳ ಕಾರ್ಬ್ಯುರೇಟರಿನಲ್ಲಿ ಆಕ್ಸಿಲರೇಟರ್ ಪಂಪು ಎಂಬ ಪುಟ್ಟ ಪಿಚಕಾರಿ ಇರುತ್ತದೆ. ಎಂಜಿನ್ ಆರಿಸಿ, ಏರ್ ಕ್ಲೀನರ್ ತೆಗೆದು, ಥ್ರಾಟಲ್ ಸನ್ನೆಯನ್ನು ಕೈಯಲ್ಲಿ ತಿರುಗಿಸಿದರೆ ಒಳಗೆ ಪೆಟ್ರೋಲಿನ ತೆಳು ಧಾರೆ ಚಿಮ್ಮಬೇಕು. ಚಿಮ್ಮಿದರೆ ಬಟ್ಟಲಿನಲ್ಲಿ ಪೆಟ್ರೋಲಿದೆ. ಚಿಮ್ಮದಿದ್ದರೆ ಬಟ್ಟಲು ಖಾಲಿ ಇರಬಹುದು.

ಎಸ್‌ಯು ಕಾರ್ಬ್ಯುರೇಟರ್ ಇರುವ ಅಂಬಾಸಿಡರ್‌ಗೆ ಈ ಪರೀಕ್ಷೆ ಹೊಂದುವುದಿಲ್ಲ. ಅದರಲ್ಲಿ ಆ ಪಿಚಕಾರಿಯೇ ಇಲ್ಲ. ಧಾರೆ ಕಾಣಲಿಲ್ಲವೆಂದು ಅದನ್ನು ಬಿಚ್ಚಿ ಹರಡಿಕೊಳ್ಳಬೇಡಿ. ಅದರ ಫ್ಲೋಟ್ ಬಟ್ಟಲಿನ ಮುಚ್ಚಳ ತೆಗೆದು ನೇರವಾಗಿ ನೋಡಬೇಕು.

ಟ್ಯಾಂಕಿನಿಂದ ಕಾರ್ಬ್ಯುರೇಟರ್‌ವರೆಗೆ: ಒಂದೊಂದೇ ಹಂತ

ಕಿಡಿ ಇದೆ, ಬಟ್ಟಲು ಖಾಲಿ ಎಂದು ಖಚಿತವಾದರೆ ಹಿಂದಿನಿಂದ ಮುಂದಕ್ಕೆ ಹುಡುಕಬೇಕು. ಸುಲಭದ್ದು ಮೊದಲು, ಬಿಚ್ಚುವ ಕೆಲಸ ಆಮೇಲೆ.

ಟ್ಯಾಂಕು: ಮೀಟರಿನ ಮುಳ್ಳನ್ನು ನಂಬಬೇಡಿ. ಹಳೇ ಕಾರುಗಳಲ್ಲಿ ಅದು ಸುಳ್ಳು ಹೇಳುವುದು ಹೊಸದೇನಲ್ಲ. ಕಾರನ್ನು ಅಲ್ಲಾಡಿಸಿ ಶಬ್ದ ಕೇಳಿ, ಇಲ್ಲವೇ ಎರಡು ಲೀಟರ್ ಹಾಕಿ ನೋಡಿ. ನಗೆಪಾಟಲಿನ ಮಾತೆನಿಸಿದರೂ ಇದನ್ನು ಮರೆತು ಪಂಪು ಬಿಚ್ಚಿದವರು ಕಡಿಮೆ ಇಲ್ಲ.

ಮುಚ್ಚಳ: ಪೆಟ್ರೋಲು ಹೊರಹೋದಂತೆ ಅದರ ಜಾಗಕ್ಕೆ ಗಾಳಿ ಒಳಬರಬೇಕು. ಅದಕ್ಕಾಗಿ ಮುಚ್ಚಳದಲ್ಲೋ ಟ್ಯಾಂಕಿನ ಮೇಲ್ಭಾಗದಲ್ಲೋ ಸಣ್ಣ ಉಸಿರುಗಿಂಡಿ ಇರುತ್ತದೆ. ಮಣ್ಣು ಕಟ್ಟಿ ಅದು ಮುಚ್ಚಿಹೋದರೆ, ಅಥವಾ ಕಳೆದುಹೋದ ಮುಚ್ಚಳದ ಬದಲು ಗಿಂಡಿಯಿಲ್ಲದ ಬೇರೆ ಮುಚ್ಚಳ ಹಾಕಿದ್ದರೆ, ಟ್ಯಾಂಕಿನೊಳಗೆ ನಿರ್ವಾತ ಉಂಟಾಗುತ್ತದೆ. ಸ್ಟ್ರಾ ಹಾಕಿದ ಬಾಟಲಿಯ ಬಾಯಿಯನ್ನು ತುಟಿಯಿಂದ ಬಿಗಿದು ಹೀರಿದಂತೆ. ಮೊದಮೊದಲು ಬರುತ್ತದೆ, ಆಮೇಲೆ ಬರುವುದಿಲ್ಲ. ಕಾರು ನಿಂತ ಕೂಡಲೇ ಮುಚ್ಚಳ ಸಡಿಲಿಸಿ. 'ಸುಸ್' ಎಂದು ಗಾಳಿ ಒಳನುಗ್ಗಿದ ಸದ್ದಾಗಿ, ಆಮೇಲೆ ಕಾರು ಚೆನ್ನಾಗಿ ಓಡಿದರೆ ಕಾರಣ ಸಿಕ್ಕಿತು. ಒಂದು ಪೈಸೆ ಖರ್ಚಿಲ್ಲದ ಪರೀಕ್ಷೆ ಇದು.

ಟ್ಯಾಂಕಿನೊಳಗಿನ ಜರಡಿ: ಪೆಟ್ರೋಲು ಎಳೆಯುವ ಕೊಳವೆಯ ತುದಿಯಲ್ಲಿ ಸಾಮಾನ್ಯವಾಗಿ ಸಣ್ಣ ಜರಡಿ ಇರುತ್ತದೆ. ಟ್ಯಾಂಕಿನ ತುಕ್ಕು ಮತ್ತು ಕಸ ಪಂಪಿನ ಸೆಳೆತಕ್ಕೆ ಅದಕ್ಕೆ ಅಂಟಿಕೊಳ್ಳುತ್ತವೆ. ಎಂಜಿನ್ ನಿಂತ ಮೇಲೆ ಸೆಳೆತ ನಿಲ್ಲುತ್ತದೆ, ಕಸ ಕಳಚಿ ಕೆಳಗೆ ಬೀಳುತ್ತದೆ. ಹತ್ತು ನಿಮಿಷದ ನಂತರ ಸ್ಟಾರ್ಟ್ ಮಾಡಿದರೆ ಕಾರು ಓಡುತ್ತದೆ, ಕಸ ಮತ್ತೆ ಅಂಟುವವರೆಗೆ!

ಹಿಂದಿನ ಪೈಪು: ಹೆಚ್ಚಿನವರು ತಪ್ಪುವುದು ಇಲ್ಲೇ. ಸೋರಿಕೆ ಎಂದರೆ ಪೆಟ್ರೋಲು ತೊಟ್ಟಿಕ್ಕಬೇಕು ಎಂದು ನಾವು ಭಾವಿಸುತ್ತೇವೆ. ಆದರೆ ಟ್ಯಾಂಕಿನಿಂದ ಪಂಪಿನವರೆಗಿನ ಪೈಪಿನಲ್ಲಿ ಇರುವುದು ಒತ್ತಡವಲ್ಲ, ಸೆಳೆತ. ಅಲ್ಲಿನ ರಬ್ಬರ್ ತುಂಡು ಬಿರುಕು ಬಿಟ್ಟರೆ ಪೆಟ್ರೋಲು ಹೊರಬರುವುದಕ್ಕಿಂತ ಹೆಚ್ಚಾಗಿ ಗಾಳಿ ಒಳಗೆ ಹೋಗುತ್ತದೆ. ಹೊರಗಿನಿಂದ ಎಲ್ಲವೂ ಒಣ, ಆದರೂ ಪಂಪು ಗಾಳಿಯನ್ನೇ ಎಳೆಯುತ್ತಿರುತ್ತದೆ. ಟ್ಯಾಂಕು ತುಂಬಿದ್ದಾಗ ಸರಿಯಾಗಿದ್ದು, ಅರ್ಧಕ್ಕಿಳಿದಾಗ ತೊಂದರೆ ಶುರುವಾದರೆ ಈ ಅನುಮಾನ ಬಲವಾಗುತ್ತದೆ. ಪೈಪನ್ನು ಬಾಗಿಸಿ ನೋಡಿ, ಕೂದಲೆಳೆ ಬಿರುಕುಗಳು ಬಾಯ್ದೆರೆಯುತ್ತವೆ. ಕ್ಲಿಪ್ಪುಗಳು ಬಿಗಿಯಾಗಿವೆಯೇ ನೋಡಿ. ಬದಲಿಸುವಾಗ ಪೆಟ್ರೋಲಿಗೆಂದೇ ತಯಾರಿಸಿದ ಪೈಪನ್ನೇ ಹಾಕಿ. ಹೊಲಕ್ಕೆ ನೀರು ಹಾಯಿಸುವ ಪ್ಲಾಸ್ಟಿಕ್ ಪೈಪು ಪೆಟ್ರೋಲಿಗೆ ಗಟ್ಟಿಯಾಗುತ್ತದೆ, ಬಿಸಿಗೆ ಕಳಚಿಕೊಳ್ಳುತ್ತದೆ.

ಫಿಲ್ಟರ್: ಪಾರದರ್ಶಕ ಫಿಲ್ಟರ್ ಇದ್ದರೆ ಒಳಗೆ ಕೆಂಪು ಪುಡಿ ಕಂಡರೆ ಅದು ಟ್ಯಾಂಕಿನ ತುಕ್ಕು. ಆದರೆ ಫಿಲ್ಟರ್ ಪೂರ್ತಿ ತುಂಬಿಲ್ಲವೆಂದ ಮಾತ್ರಕ್ಕೆ ಗಾಬರಿ ಬೇಡ. ಅರ್ಧ ತುಂಬಿದ್ದರೂ ಪೆಟ್ರೋಲು ಹರಿಯುತ್ತಿರುವುದುಂಟು. ಹಾಕುವಾಗ ಅದರ ಮೇಲಿನ ಬಾಣದ ಗುರುತು ಕಾರ್ಬ್ಯುರೇಟರ್ ಕಡೆಗಿರಲಿ.

ಪಂಪು: ಪರೀಕ್ಷೆ ಹೀಗಿದೆ. ಇಗ್ನಿಷನ್ ಕಾಯಿಲ್‌ಗೆ ವಿದ್ಯುತ್ ತರುವ ಸಣ್ಣ ವೈರನ್ನು ಕಳಚಿ ಟೇಪ್ ಸುತ್ತಿ, ಆಗ ಕಿಡಿ ಬರುವುದಿಲ್ಲ. ಕಾರ್ಬ್ಯುರೇಟರಿಗೆ ಹೋಗುವ ಪೈಪನ್ನು ಬಿಚ್ಚಿ, ಅದರ ತುದಿಯನ್ನು ಒಂದು ಗಟ್ಟಿ ಡಬ್ಬಿಯೊಳಗೆ ಇಳಿಸಿ. ಇನ್ನೊಬ್ಬರು ಹತ್ತು ಸೆಕೆಂಡು ಸ್ಟಾರ್ಟರ್ ತಿರುಗಿಸಲಿ. ಮಿಡಿತ ಮಿಡಿತವಾಗಿ ಗಟ್ಟಿ ಧಾರೆ ಬಂದರೆ ಪಂಪು ಮತ್ತು ಅದರ ಹಿಂದಿನದೆಲ್ಲ ಸರಿ. ಗುಳ್ಳೆಗಳೊಂದಿಗೆ ಬಂದರೆ ಹಿಂದೆಲ್ಲೋ ಗಾಳಿ ಸೇರುತ್ತಿದೆ. ಏನೂ ಬಾರದಿದ್ದರೆ, ಟ್ಯಾಂಕಿನ ಪೈಪಿನ ಬದಲು ಸಣ್ಣ ಕ್ಯಾನಿನಿಂದ ಪಂಪಿಗೆ ನೇರವಾಗಿ ಪೈಪು ಕೊಟ್ಟು ಮತ್ತೆ ತಿರುಗಿಸಿ. ಆಗ ಬಂದರೆ ತಪ್ಪು ಪಂಪಿನದಲ್ಲ, ಅದರ ಹಿಂದಿನ ದಾರಿಯದು. ಆಗಲೂ ಬಾರದಿದ್ದರೆ ಪಂಪು.

ಪಂಪಿನ ಡಯಾಫ್ರಂ ಹರಿದರೆ ಇನ್ನೊಂದು ಅಪಾಯವಿದೆ. ಪೆಟ್ರೋಲು ಎಂಜಿನ್ ಆಯಿಲ್‌ಗೆ ಇಳಿಯಬಹುದು. ಆಯಿಲ್ ಕಡ್ಡಿ ತೆಗೆದು ನೋಡಿ. ಮಟ್ಟ ಏರಿದ್ದರೆ, ಪೆಟ್ರೋಲಿನ ವಾಸನೆ ಬಂದರೆ ಎಂಜಿನ್ ಸ್ಟಾರ್ಟ್ ಮಾಡಬೇಡಿ. ತೆಳುವಾದ ಆಯಿಲ್ ಬೇರಿಂಗುಗಳನ್ನು ಹಾಳು ಮಾಡುತ್ತದೆ, ಬೆಂಕಿಯ ಅಪಾಯವೂ ಇದೆ.

ಸೂಜಿ ವಾಲ್ವ್: ಪೈಪಿನ ತುದಿಯವರೆಗೆ ಪೆಟ್ರೋಲು ಬರುತ್ತಿದೆ, ಆದರೆ ಬಟ್ಟಲು ಖಾಲಿ ಎಂದಾದರೆ ಸೂಜಿ ವಾಲ್ವ್ ಮುಚ್ಚಿದ ಸ್ಥಿತಿಯಲ್ಲೇ ಅಂಟಿಕೊಂಡಿರಬಹುದು. ಬಹುಕಾಲ ನಿಂತ ಕಾರಿನಲ್ಲಿ ಇದು ಸಾಮಾನ್ಯ. ಸ್ಕ್ರೂಡ್ರೈವರಿನ ಹಿಡಿಯಿಂದ ಬಟ್ಟಲಿಗೆ ಮೆಲ್ಲಗೆ ತಟ್ಟಿದರೆ ಕೆಲವೊಮ್ಮೆ ಬಿಡುತ್ತದೆ. ತೆರೆದ ಸ್ಥಿತಿಯಲ್ಲಿ ಅಂಟಿಕೊಂಡರೆ ಉಲ್ಟಾ ತೊಂದರೆ: ಪೆಟ್ರೋಲು ಉಕ್ಕುತ್ತದೆ, ವಾಸನೆ ಹೊಡೆಯುತ್ತದೆ, ಕಪ್ಪು ಹೊಗೆ ಬರುತ್ತದೆ.

ಜೆಟ್‌ಗಳು: ಕಾರ್ಬ್ಯುರೇಟರಿನ ಸರದಿ ಬರುವುದು ಇಷ್ಟೆಲ್ಲ ಆದ ಮೇಲೆ. ಬಟ್ಟಲು ತುಂಬಿದೆ, ವೇಗದಲ್ಲಿ ಕಾರು ಸರಿ, ನಿಂತಲ್ಲಿ ಮಾತ್ರ ಆರಿಹೋಗುತ್ತದೆ ಎಂದರೆ ಐಡಲ್ ಜೆಟ್ ಕಟ್ಟಿರಬಹುದು. ಮಾರುತಿ 800ರಲ್ಲಿ ಹಾಗಾದರೆ ಕಾರ್ಬ್ಯುರೇಟರ್ ಮೇಲಿನ ಸೊಲೆನಾಯ್ಡ್ ವಾಲ್ವನ್ನೂ ನೋಡಿ. ಕೀಲಿ ತಿರುಗಿಸಿದಾಗ ಅದು 'ಟಿಕ್' ಎನ್ನಬೇಕು. ಅದರ ವೈರು ಸಡಿಲವಾಗಿ ಕಾರ್ಬ್ಯುರೇಟರಿಗೆ ಕೆಟ್ಟ ಹೆಸರು ಬಂದ ಪ್ರಸಂಗಗಳು ಬಹಳ.

ಜೆಟ್‌ಗಳನ್ನು ಕಾರ್ಬ್ಯುರೇಟರ್ ಕ್ಲೀನರ್ ಮತ್ತು ಗಾಳಿಯಿಂದ ಮಾತ್ರ ಸ್ವಚ್ಛ ಮಾಡಬೇಕು. ತಂತಿ ತೂರಿಸಬೇಡಿ. ಜೆಟ್ಟು ಹಿತ್ತಾಳೆಯದು, ಮೃದು. 1.2 ಮಿ.ಮೀ. ರಂಧ್ರ ಸವೆದು 1.3 ಮಿ.ಮೀ. ಆದರೆ ಅದರ ಬಾಯಿಯ ವಿಸ್ತಾರ ಶೇ 17ರಷ್ಟು ಹೆಚ್ಚುತ್ತದೆ. ಅಂದಿನಿಂದ ಕಾರು ಹೆಚ್ಚು ಪೆಟ್ರೋಲು ಕುಡಿಯುತ್ತದೆ.

ನಂಬಿಕೆ ಮತ್ತು ವಾಸ್ತವ

"ಹಸಿ ಬಟ್ಟೆ ಸುತ್ತಿದರೆ ಸರಿಹೋಗುತ್ತದೆ"

ಇದು ಅರ್ಧ ನಿಜ. ಪೆಟ್ರೋಲು ಒಂದೇ ವಸ್ತುವಲ್ಲ, ಹಲವು ಹೈಡ್ರೋಕಾರ್ಬನ್‌ಗಳ ಮಿಶ್ರಣ. ಅದರ ಹಗುರ ಅಂಶಗಳು ಸುಮಾರು 35 ಡಿಗ್ರಿ ಸೆಲ್ಸಿಯಸ್‌ನಿಂದಲೇ ಕುದಿಯತೊಡಗುತ್ತವೆ. ಪಂಪಿನ ಹಿಂದಿನ ಪೈಪಿನಲ್ಲಿ ಸೆಳೆತ ಇರುವುದರಿಂದ ಕುದಿಯುವುದು ಇನ್ನೂ ಸುಲಭ. ಅಂಕೋಲಾದಿಂದ ಯಲ್ಲಾಪುರಕ್ಕೆ ಅರಬೈಲ್ ಘಟ್ಟ ಏರುವಾಗ ಲಾರಿಯೊಂದರ ಹಿಂದೆ ಎರಡನೇ ಗೇರಿನಲ್ಲಿ ತೆವಳುತ್ತಿದ್ದೀರಿ ಎಂದುಕೊಳ್ಳಿ. ಎಂಜಿನ್ನಿಗೆ ದುಡಿಮೆ ಹೆಚ್ಚು, ಎದುರುಗಾಳಿ ಕಡಿಮೆ. ಬಾನೆಟ್ ಒಳಗೆ ಬಿಸಿ ಏರುತ್ತದೆ. ಪೈಪಿನಲ್ಲಿ, ಪಂಪಿನಲ್ಲಿ ಪೆಟ್ರೋಲು ಆವಿಯಾಗುತ್ತದೆ. ದ್ರವ ತಳ್ಳಲು ಮಾಡಿದ ಪಂಪು ಆವಿಯನ್ನು ಹಿಂಡುತ್ತಾ ಕೂರುತ್ತದೆ, ಪೆಟ್ರೋಲು ಮುಂದೆ ಹೋಗುವುದಿಲ್ಲ. ಇದೇ ವೇಪರ್ ಲಾಕ್. ಹಸಿ ಬಟ್ಟೆಯ ನೀರು ಆರುವಾಗ ಪಂಪಿನ ಶಾಖ ಹೀರುತ್ತದೆ, ಆವಿ ಮತ್ತೆ ದ್ರವವಾಗುತ್ತದೆ, ಕಾರು ಹೊರಡುತ್ತದೆ.

ಹಾಗಾದರೆ ಅರ್ಧ ನಿಜ ಮಾತ್ರ ಏಕೆ? ಬಟ್ಟೆ ಸುತ್ತುವಷ್ಟರಲ್ಲಿ ಹತ್ತು ಹದಿನೈದು ನಿಮಿಷ ಕಳೆದಿರುತ್ತದೆ. ಅಷ್ಟು ಹೊತ್ತಿನಲ್ಲಿ ಜರಡಿಯ ಕಸವೂ ಕಳಚಿ ಬಿದ್ದಿರುತ್ತದೆ. ಬಿಸಿಗೆ ಕೆಟ್ಟು ತಣಿದ ಮೇಲೆ ಕೆಲಸ ಮಾಡುವ ಇಗ್ನಿಷನ್ ಕಾಯಿಲ್ ಕೂಡ ತಣಿದಿರುತ್ತದೆ. ಅಂದರೆ ಮೂರು ಬೇರೆ ಬೇರೆ ರೋಗಗಳಿಗೂ ಒಂದೇ ಮದ್ದು ಕೆಲಸ ಮಾಡಿದಂತೆ ಕಾಣುತ್ತದೆ. "ತಣ್ಣಗಾದ ಮೇಲೆ ಸ್ಟಾರ್ಟ್ ಆಯಿತು" ಎಂಬುದು ವೇಪರ್ ಲಾಕ್‌ಗೆ ಸಾಕ್ಷ್ಯವಲ್ಲ. ಪರೀಕ್ಷೆ ಮಾಡಬೇಕಾದ್ದು ಕಾರು ನಿಂತಿರುವ ಆ ಕ್ಷಣದಲ್ಲಿ: ಕಿಡಿ ಇದೆಯೇ, ಬಟ್ಟಲಿನಲ್ಲಿ ಪೆಟ್ರೋಲಿದೆಯೇ?

ಬೆಳಗಿನ ತಂಪಿನಲ್ಲೂ ಕಾರು ನಿಲ್ಲುತ್ತದೆ ಎಂದರೆ ವೇಪರ್ ಲಾಕ್ ಅನುಮಾನ ಬಿಟ್ಟುಬಿಡಿ. ಮತ್ತೊಂದು ಮಾತು, ಬಿಸಿ ಎಂಜಿನ್ ಮೇಲೆ ತಂಬಿಗೆಯಿಂದ ನೀರು ಸುರಿಯಬೇಡಿ. ಕಾದ ಎರಕದ ಕಬ್ಬಿಣ ಬಿರಿಯಬಹುದು.

"ಚಹಾಕ್ಕೆ ನಿಲ್ಲಿಸಿ ಬಂದರೆ ಸ್ಟಾರ್ಟ್ ಆಗಲ್ಲ, ಪೆಟ್ರೋಲು ಬರುತ್ತಿಲ್ಲ"

ಇಲ್ಲಿ ಹೆಚ್ಚಾಗಿ ಉಲ್ಟಾ ಆಗಿರುತ್ತದೆ. ಎಂಜಿನ್ ಆರಿಸಿದ ಮೇಲೆ ಗಾಳಿ, ನೀರು ಎರಡೂ ಓಡಾಡುವುದಿಲ್ಲ. ಹಾಗಾಗಿ ಕಾರ್ಬ್ಯುರೇಟರ್ ಇನ್ನಷ್ಟು ಬಿಸಿಯಾಗಿ ಬಟ್ಟಲಿನ ಪೆಟ್ರೋಲು ಕುದಿದು ಎಂಜಿನ್ನಿಗೆ ಉಕ್ಕುತ್ತದೆ. ಆಗ ಪೆಟ್ರೋಲು ಕಡಿಮೆಯಲ್ಲ, ಜಾಸ್ತಿ. ಪೆಡಲನ್ನು ಮತ್ತೆ ಮತ್ತೆ ತುಳಿದರೆ ಇನ್ನಷ್ಟು ಸುರಿಯುತ್ತದೆ. ಚೋಕ್ ಮುಟ್ಟದೆ, ಪೆಡಲನ್ನು ನಿಧಾನವಾಗಿ ಪೂರ್ತಿ ಒತ್ತಿ ಹಿಡಿದು ಸ್ಟಾರ್ಟರ್ ತಿರುಗಿಸಿ. ಹೆಚ್ಚು ಗಾಳಿ ಒಳಹೋಗಿ ಎಂಜಿನ್ ಹಿಡಿದುಕೊಳ್ಳುತ್ತದೆ.

"ಎಲ್ಲಾ ತೊಂದರೆಗೂ ಎಥೆನಾಲೇ ಕಾರಣ"

ಶೇ 20ರಷ್ಟು ಎಥೆನಾಲ್ ಬೆರೆತ ಇ20 ಪೆಟ್ರೋಲಿನ ಮಾರಾಟಕ್ಕೆ ಚಾಲನೆ ಸಿಕ್ಕಿದ್ದು 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲೇ. ಹಳೇ ಕಾರುಗಳನ್ನು ರೂಪಿಸಿದಾಗ ಇಂಥ ಇಂಧನ ಯಾರ ಲೆಕ್ಕದಲ್ಲೂ ಇರಲಿಲ್ಲ. ಹಾಗಾಗಿ ಮೂರು ನಿಜವಾದ ಪರಿಣಾಮಗಳಿವೆ.

ಮೊದಲನೆಯದು ಮಿಶ್ರಣ. ಒಂದು ಕಿಲೋ ಪೆಟ್ರೋಲು ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕಾದರೆ, ಎಥೆನಾಲ್‌ಗೆ ಸುಮಾರು 9 ಕಿಲೋ ಸಾಕು. ಇ20ಕ್ಕೆ ಹೆಚ್ಚುಕಡಿಮೆ 13.5. ಹೊಸ ಕಾರಿನ ಕಂಪ್ಯೂಟರ್ ಇದನ್ನು ಅಳೆದು ಹೊಂದಿಸಿಕೊಳ್ಳುತ್ತದೆ. ಕಾರ್ಬ್ಯುರೇಟರಿಗೆ ಆ ಬುದ್ಧಿ ಇಲ್ಲ, ಜೆಟ್ಟಿನ ರಂಧ್ರ ಎಷ್ಟೋ ಅಷ್ಟೇ. ಹಾಗಾಗಿ ಎಂಜಿನ್ನಿಗೆ ಮಿಶ್ರಣ ಸ್ವಲ್ಪ ತೆಳುವಾಗುತ್ತದೆ. ಚಳಿಯಲ್ಲಿ ಸ್ಟಾರ್ಟ್ ಕಷ್ಟ, ವೇಗ ಹೆಚ್ಚಿಸುವಾಗ ಸಣ್ಣ ತಡವರಿಕೆ ಕಾಣಬಹುದು. ಇದನ್ನು ಟ್ಯೂನಿಂಗ್ ಮಾಡಿಸಿ ಸರಿಪಡಿಸಬಹುದು. ಎಥೆನಾಲ್ ಇಲ್ಲದ ಪೆಟ್ರೋಲಿಗೆಂದು ರೂಪಿಸಿ, ಶೇ 10ಕ್ಕೆ ಹೊಂದಿಸಿದ ನಾಲ್ಕು ಚಕ್ರದ ವಾಹನಗಳಲ್ಲಿ ಇ20ರಿಂದ ಮೈಲೇಜು ಶೇ 6ರಿಂದ 7ರಷ್ಟು ಕಡಿಮೆಯಾಗಬಹುದು ಎಂದು ನೀತಿ ಆಯೋಗದ 2021ರ ವರದಿ ಅಂದಾಜಿಸಿತ್ತು.

ಎರಡನೆಯದು ರಬ್ಬರ್. ಹಳೇ ಪೈಪು, ಡಯಾಫ್ರಂ, ವಾಷರುಗಳು ಎಥೆನಾಲ್‌ಗೆ ಉಬ್ಬಿ ಅಥವಾ ಬಿರುಸಾಗಿ ಬಿರುಕು ಬಿಡಬಹುದು. ಕೆಲವು ಹಳೇ ವಾಹನಗಳಲ್ಲಿ ರಬ್ಬರ್ ಭಾಗಗಳನ್ನು ಬದಲಿಸಬೇಕಾಗಬಹುದು ಎಂದು ಕೇಂದ್ರ ಪೆಟ್ರೋಲಿಯಂ ಸಚಿವಾಲಯವೂ 2025ರ ಆಗಸ್ಟ್‌ನಲ್ಲಿ ಹೇಳಿದೆ.

ಮೂರನೆಯದು ನೀರು. ಎಥೆನಾಲ್ ನೀರನ್ನು ಹೀರುತ್ತದೆ. ನೀರು ಮಿತಿ ಮೀರಿದರೆ ಎಥೆನಾಲ್ ಮತ್ತು ನೀರು ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಪೆಟ್ರೋಲು ಎಳೆಯುವ ಕೊಳವೆ ಇರುವುದೂ ತಳದಲ್ಲೇ.

ಇಷ್ಟಾದರೂ, ಎಥೆನಾಲ್ ಎಂಬ ಒಂದೇ ಉತ್ತರಕ್ಕೆ ನಿಂತರೆ ಬಿರುಕು ಬಿಟ್ಟ ಪೈಪು ಅಲ್ಲೇ ಉಳಿಯುತ್ತದೆ. ಕಾರಣ ಎಥೆನಾಲೇ ಇದ್ದರೂ ಬದಲಿಸಬೇಕಾದ್ದು ಪೈಪನ್ನೇ.

"ಬಂಕಿನವರು ನೀರು ಬೆರೆಸಿದ್ದಾರೆ"

ದೂರುವ ಮೊದಲು ನೋಡಿ. ಪಂಪಿನ ಪರೀಕ್ಷೆಯಲ್ಲಿ ಬಂದ ಪೆಟ್ರೋಲಿನಲ್ಲಿ ಸ್ವಲ್ಪವನ್ನು ಗಾಜಿನ ಬಾಟಲಿಗೆ ಹಾಕಿ ಅರ್ಧ ಗಂಟೆ ಅಲ್ಲಾಡಿಸದೆ ಬಿಡಿ. ತಳದಲ್ಲಿ ಬೇರೆಯೇ ಪದರ ಕಂಡರೆ ನೀರಿದೆ. ಆದರೆ ಅದು ಬಂಕಿನಿಂದಲೇ ಬಂತೆಂದು ಹೇಳಲಾಗದು. ನಿಮ್ಮದೇ ಟ್ಯಾಂಕಿನಲ್ಲಿ ಹುಟ್ಟಿರಬಹುದು.

ಮಳೆಗಾಲ ಪೂರ್ತಿ ನಿಂತ ಕಾರು

ಕಲಘಟಗಿ ಅರೆಮಲೆನಾಡು, ಭತ್ತದ ನಾಡು. ನವಲಗುಂದದ ಬಯಲಿನಲ್ಲಿ ಹಳೇ ಕಾರಿಗೆ ಧೂಳು ಮತ್ತು ಬಿಸಿಲಿನ ಕಾಟವಾದರೆ, ಇಲ್ಲಿ ತೇವದ್ದು. ಅರ್ಧ ಖಾಲಿ ಟ್ಯಾಂಕಿನಲ್ಲಿ ಉಳಿದರ್ಧ ತೇವದ ಗಾಳಿ. ರಾತ್ರಿಯ ತಂಪಿಗೆ ಅದು ಟ್ಯಾಂಕಿನ ಒಳಮೈಯಲ್ಲಿ ಹನಿಗಟ್ಟುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ. ಜೊತೆಗೆ ಬಟ್ಟಲಿನ ಪೆಟ್ರೋಲಿನ ಹಗುರ ಅಂಶಗಳು ಹಾರಿಹೋಗಿ ಅಂಟಿನಂಥ ವಸ್ತು ಉಳಿಯುತ್ತದೆ. ಸೂಜಿ ವಾಲ್ವ್, ಜೆಟ್ಟು ಕಟ್ಟುವುದು ಹೀಗೆ.

ಆದ್ದರಿಂದ ತಿಂಗಳುಗಟ್ಟಲೆ ನಿಲ್ಲಿಸುವಾಗ ಟ್ಯಾಂಕನ್ನು ಬಹುಪಾಲು ತುಂಬಿಸಿಡಿ, ಗಾಳಿಗೆ ಜಾಗ ಕಡಿಮೆಯಾಗುತ್ತದೆ. ಎರಡು ವಾರಕ್ಕೊಮ್ಮೆ ಕಾರನ್ನು ಶೆಡ್ಡಿನಿಂದ ಹೊರಗೆ ತೆಗೆದು ಕೆಲವು ಕಿಲೋಮೀಟರ್ ಓಡಿಸಿ. ಬಾಗಿಲು ಮುಚ್ಚಿದ ಶೆಡ್ಡಿನೊಳಗೆ ಎಂಜಿನ್ ಓಡಿಸಬೇಡಿ. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಪ್ರಾಣ ತೆಗೆಯುತ್ತದೆ.

ಲಕ್ಷಣ ನೋಡಿ ಮೊದಲು ಎಲ್ಲಿ ಹುಡುಕಬೇಕು?

• ಮುಚ್ಚಳ ಸಡಿಲಿಸಿದರೆ ಸರಿಯಾಗುತ್ತದೆ: ಟ್ಯಾಂಕಿನ ಉಸಿರುಗಿಂಡಿ.
• ಹತ್ತು ನಿಮಿಷ ಬಿಟ್ಟರೆ ಸ್ವಲ್ಪ ದೂರ ಓಡುತ್ತದೆ: ಟ್ಯಾಂಕಿನ ಜರಡಿ, ಫಿಲ್ಟರ್, ಉಸಿರುಗಿಂಡಿ. ಕಿಡಿ ಇಲ್ಲದಿದ್ದರೆ ಕಾಯಿಲ್.
• ಟ್ಯಾಂಕು ಅರ್ಧಕ್ಕಿಳಿದಾಗ ತೊಂದರೆ ಶುರು: ಪಂಪಿನ ಹಿಂದಿನ ಪೈಪಿನಲ್ಲಿ ಗಾಳಿ ಸೇರುವಿಕೆ.
• ಏರಿನಲ್ಲಿ, ವೇಗದಲ್ಲಿ ಮಾತ್ರ ಜಗ್ಗುತ್ತದೆ: ಫಿಲ್ಟರ್, ಸೋತ ಪಂಪು, ಮುಖ್ಯ ಜೆಟ್.
• ಬಿಸಿಲಿನಲ್ಲಿ, ಘಟ್ಟದಲ್ಲಿ ಮಾತ್ರ ನಿಲ್ಲುತ್ತದೆ: ವೇಪರ್ ಲಾಕ್.
• ನಿಂತಲ್ಲಿ ಆರುತ್ತದೆ, ಓಡುವಾಗ ಸರಿ: ಐಡಲ್ ಜೆಟ್, ಸೊಲೆನಾಯ್ಡ್.
• ಪೆಟ್ರೋಲಿನ ವಾಸನೆ, ಕಪ್ಪು ಹೊಗೆ: ಸೂಜಿ ವಾಲ್ವ್, ಫ್ಲೋಟ್.
• ಆಯಿಲ್‌ನಲ್ಲಿ ಪೆಟ್ರೋಲಿನ ವಾಸನೆ: ಪಂಪಿನ ಡಯಾಫ್ರಂ. ಕಾರು ಓಡಿಸಬೇಡಿ.

ಮೆಕ್ಯಾನಿಕ್‌ನನ್ನು ಕರೆಯಬೇಕಾದ್ದು ಯಾವಾಗ?

ಮುಚ್ಚಳ, ಫಿಲ್ಟರ್, ಹೊರಗೆ ಕಾಣುವ ಪೈಪು, ಆಯಿಲ್ ಕಡ್ಡಿ ಇವನ್ನು ಯಾರು ಬೇಕಾದರೂ ನೋಡಬಹುದು. ಟ್ಯಾಂಕು ಇಳಿಸುವುದು, ಪಂಪು ಬಿಚ್ಚುವುದು, ಕಾರ್ಬ್ಯುರೇಟರ್ ತೆರೆಯುವುದು ಅನುಭವಿಗಳ ಕೆಲಸ. ಖಾಲಿ ಟ್ಯಾಂಕಿಗೆ ವೆಲ್ಡಿಂಗ್ ಮಾಡಿಸುವುದಂತೂ ತರಬೇತಿ ಪಡೆದವರಿಗೇ ಬಿಡಬೇಕು. ತುಂಬಿದ ಟ್ಯಾಂಕಿಗಿಂತ ಆವಿ ತುಂಬಿದ ಖಾಲಿ ಟ್ಯಾಂಕು ಹೆಚ್ಚು ಅಪಾಯಕಾರಿ.

ಈಗ ದಸರೆಯ ದಿನ ನಿಂತ ಆ ಕಾರಿಗೆ ಬರೋಣ. ಕಿಡಿ ಇತ್ತು. ಬಟ್ಟಲು ಖಾಲಿ. ಮುಚ್ಚಳ ತೆಗೆದಾಗ ಸದ್ದು ಬರಲಿಲ್ಲ. ಫಿಲ್ಟರಿನಲ್ಲಿ ಕೆಂಪು ಪುಡಿ. ಪಂಪು ಟ್ಯಾಂಕಿನಿಂದ ಎಳೆದಾಗ ಸಣ್ಣ ಧಾರೆ, ಬೇರೆ ಕ್ಯಾನಿನಿಂದ ಎಳೆದಾಗ ಗಟ್ಟಿ ಧಾರೆ. ಇಷ್ಟು ಗೊತ್ತಾದರೆ ಉತ್ತರ ಟ್ಯಾಂಕಿನೊಳಗಿನ ತುಕ್ಕು ಮತ್ತು ಕಟ್ಟಿದ ಜರಡಿಯ ಕಡೆಗೆ ಬೆರಳು ತೋರುತ್ತದೆ. ಕಾರ್ಬ್ಯುರೇಟರ್ ಮುಟ್ಟುವ ಅಗತ್ಯವೇ ಇಲ್ಲ. ಮೆಕ್ಯಾನಿಕ್ ಕಲಘಟಗಿಯಿಂದ ಬರಲಿ, ಹುಬ್ಬಳ್ಳಿಯಿಂದ ಬರಲಿ, "ಕಾರು ನಿಂತಿದೆ" ಎನ್ನುವುದರ ಬದಲು ಈ ಐದು ಸಂಗತಿಗಳನ್ನು ಫೋನಿನಲ್ಲಿ ಹೇಳಿದರೆ ಬೇಕಾದ ಸಾಮಾನು ಹಿಡಿದೇ ಬರುತ್ತಾನೆ. ನಿಮ್ಮ ಹಣವೂ ಉಳಿಯುತ್ತದೆ, ಅವನ ಸಮಯವೂ ಉಳಿಯುತ್ತದೆ.